ಕಾಪಿಟ್ಟ ಮೂಳೆ, ಮರೆಯಾದ ಹೆಸರು: ರಾಸಾಯನಿಕ ಸಂಸ್ಕಾರಕ್ಕೊಳಗಾದ ಅವಶೇಷಗಳಲ್ಲಿ ಡಿಎನ್‌ಎ ಶೋಧ

ಮೃತದೇಹ ಕೆಡದಂತೆ ಕಾಪಾಡುವುದು ಒಂದು ಕಾರ್ಯ. ಅದು ಯಾರ ದೇಹವೆಂದು ನಿರ್ಧರಿಸುವುದು ಇನ್ನೊಂದು. ಮೊದಲನೆಯದು ಎರಡನೆಯದಕ್ಕೆ ಸದಾ ನೆರವಾಗುತ್ತದೆಂದು ನಂಬುವುದು ಸಹಜ. ವಿಧಿವಿಜ್ಞಾನದ ಇತ್ತೀಚಿನ ಚರಿತ್ರೆ ಈ ನಂಬಿಕೆಯನ್ನು ಅಲುಗಾಡಿಸಿದೆ. ಅಂಗಾಂಶದ ಆಕಾರವನ್ನು ದಶಕಗಳ ಕಾಲ ಉಳಿಸಬಲ್ಲ ರಾಸಾಯನಿಕವೇ ಅದರೊಳಗಿನ ಡಿಎನ್‌ಎಯನ್ನು ಓದಲಾಗದಂತೆ ಮಾಡಬಲ್ಲದು. ಕೊರಿಯಾ ಯುದ್ಧದಲ್ಲಿ ಮಡಿದು, ಹವಾಯಿಯ ಸಮಾಧಿಭೂಮಿಯಲ್ಲಿ ಹೆಸರಿಲ್ಲದೆ ಹೂಳಲ್ಪಟ್ಟ ಅಮೆರಿಕನ್ ಸೈನಿಕರ ಅವಶೇಷಗಳು ಈ ವಿರೋಧವನ್ನು ಬಹು ಸ್ಪಷ್ಟವಾಗಿ ತೋರಿಸಿಕೊಟ್ಟಿವೆ. ಆ ಮೂಳೆಗಳಿಂದ ಹೆಸರುಗಳನ್ನು ಮರಳಿ ಪಡೆಯಲು ನಡೆದ ಪ್ರಯತ್ನವು ಜೀವವಿಜ್ಞಾನದ ಸಾಧನೆಯಾಗಿರುವಂತೆಯೇ, ತ್ರುಟಿತ ಪ್ರತಿಗಳಿಂದ ಮೂಲಪಾಠವನ್ನು ಕಟ್ಟಿಕೊಳ್ಳುವ ಗ್ರಂಥಸಂಪಾದನೆಯ ಕ್ರಮಕ್ಕೂ ಹತ್ತಿರವಾಗಿದೆ.

ಕೊಕುರಾದಿಂದ ಹೊನೊಲುಲುವಿಗೆ

ಕೊರಿಯಾ ಯುದ್ಧವು 1950ರ ಜೂನ್ 25ರಂದು ಆರಂಭವಾಗಿ 1953ರ ಜುಲೈ 27ರ ಕದನವಿರಾಮದೊಂದಿಗೆ ನಿಂತಿತು. ಯುದ್ಧ ಮುಗಿಯುವವರೆಗೆ ಕಾಯದೆ ಮಡಿದ ಸೈನಿಕರ ದೇಹಗಳನ್ನು ಸ್ವದೇಶಕ್ಕೆ ಕಳುಹಿಸುವ ನೀತಿಯನ್ನು ಅಮೆರಿಕದ ಸೇನೆ ಅಲ್ಲಿ ಮೊದಲ ಬಾರಿಗೆ ಅನುಸರಿಸಿತು. ಇದಕ್ಕಾಗಿ 1951ರಲ್ಲಿ ಜಪಾನಿನ ಕ್ಯೂಶೂ ದ್ವೀಪದ ಕೊಕುರಾದಲ್ಲಿ ಕೇಂದ್ರೀಯ ಗುರುತು ಪತ್ತೆ ಘಟಕವೊಂದು ಕಾರ್ಯಾರಂಭ ಮಾಡಿತು. ಕದನವಿರಾಮದ ಅನಂತರ, 1954ರಲ್ಲಿ, ಎರಡೂ ಪಕ್ಷಗಳು ತಮ್ಮ ನೆಲದಲ್ಲಿದ್ದ ಎದುರು ಪಕ್ಷದ ಮೃತರನ್ನು ವಿನಿಮಯ ಮಾಡಿಕೊಂಡವು. ‘ಆಪರೇಷನ್ ಗ್ಲೋರಿ’ ಎಂದು ಹೆಸರಾದ ಈ ವಿನಿಮಯದಲ್ಲಿ ಸಂಯುಕ್ತ ರಾಷ್ಟ್ರಗಳ ಪಡೆಗೆ 4,000ಕ್ಕೂ ಹೆಚ್ಚು ಮಂದಿಯ ಅವಶೇಷಗಳು ದೊರೆತವು.

ಕನ್ನಡ ಓದುಗರು ಆ ಕದನವಿರಾಮದ ಇನ್ನೊಂದು ಮುಖವನ್ನು ಬಲ್ಲರು. ಸ್ವದೇಶಕ್ಕೆ ಮರಳಲೊಪ್ಪದ ಯುದ್ಧಕೈದಿಗಳ ಇಚ್ಛೆಯನ್ನು ವಿಚಾರಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953-54ರಲ್ಲಿ ಅಧ್ಯಕ್ಷರಾಗಿದ್ದವರು ಕೊಡಗಿನ ಕೆ. ಎಸ್. ತಿಮ್ಮಯ್ಯ. ಬದುಕಿದ್ದ ಕೈದಿಗಳನ್ನು ಬಾಯಿಮಾತಿನಲ್ಲಿ ಕೇಳಿ ತಿಳಿಯಬಹುದಿತ್ತು. ಮೃತರ ವಿಷಯದಲ್ಲಿ ಹಲ್ಲು, ಮೂಳೆ, ಜೊತೆಗೆ ದೊರೆತ ವಸ್ತುಗಳು ಇವಿಷ್ಟೇ ಉತ್ತರ ಹೇಳಬೇಕಾಗಿತ್ತು. ಕೊಕುರಾದ ಮಾನವಶಾಸ್ತ್ರಜ್ಞರು ಈ ಸಾಕ್ಷ್ಯಗಳ ನೆರವಿನಿಂದಲೇ ಬಹುಸಂಖ್ಯೆಯ ಸೈನಿಕರ ಗುರುತು ಹಚ್ಚಿದರು. ಅಲ್ಲಿ ನಡೆದ ಅಧ್ಯಯನವನ್ನು ಆಧರಿಸಿ ಥಾಮಸ್ ಮೆಕರ್ನ್ ಮತ್ತು ಟಿ. ಡೇಲ್ ಸ್ಟೂವರ್ಟ್ 1957ರಲ್ಲಿ ಪ್ರಕಟಿಸಿದ ವರದಿಯು, ಯುವಕರ ಅಸ್ಥಿಪಂಜರದಲ್ಲಿ ವಯಸ್ಸಿಗನುಗುಣವಾಗಿ ಆಗುವ ಬದಲಾವಣೆಗಳ ಬಗೆಗೆ ಬಹುಕಾಲ ಆಧಾರಗ್ರಂಥವಾಗಿ ಉಳಿಯಿತು. ಆದರೂ 800ಕ್ಕೂ ಹೆಚ್ಚು ಮಂದಿಯ ಗುರುತು ಸಿಗಲಿಲ್ಲ. ಅವರನ್ನು ಹೊನೊಲುಲುವಿನಲ್ಲಿ, ‘ಪಂಚ್‌ಬೌಲ್’ ಎಂದು ಕರೆಯಲಾಗುವ ಆರಿದ ಜ್ವಾಲಾಮುಖಿಯ ಬಟ್ಟಲಿನೊಳಗಿನ ರಾಷ್ಟ್ರೀಯ ಸಮಾಧಿಭೂಮಿಯಲ್ಲಿ ಹೂಳಲಾಯಿತು. ಕಲ್ಲುಗಳ ಮೇಲೆ ಹೆಸರಿರಬೇಕಾದ ಜಾಗದಲ್ಲಿ ‘ಅಜ್ಞಾತ’ ಎಂಬ ಪದವನ್ನು ಕೆತ್ತಲಾಯಿತು.

ಹೂಳುವ ಮುನ್ನ, ಕೊಕುರಾದಲ್ಲಿಯೇ, ಈ ಅವಶೇಷಗಳಿಗೆ ಫಾರ್ಮಾಲ್ಡಿಹೈಡ್ ಬೆರೆತ ಪುಡಿಯನ್ನು ಹಚ್ಚಲಾಗಿತ್ತು. ಕೊಳೆಯುವಿಕೆಯನ್ನು ತಡೆಯಲು, ಉಳಿದ ಅಂಗಾಂಶವನ್ನು ಗಟ್ಟಿಗೊಳಿಸಲು ಅಂದು ಲಭ್ಯವಿದ್ದ ಒಳ್ಳೆಯ ಉಪಾಯ ಅದು. ಡಿಎನ್‌ಎಯ ಜೋಡಿಸುರುಳಿ ರಚನೆಯನ್ನು ವಾಟ್ಸನ್ ಮತ್ತು ಕ್ರಿಕ್ ಪ್ರಕಟಿಸಿದ್ದು ಕದನವಿರಾಮಕ್ಕೆ ಮೂರು ತಿಂಗಳ ಮೊದಲು, 1953ರ ಏಪ್ರಿಲ್‌ನಲ್ಲಿ. ಅಲೆಕ್ ಜೆಫ್ರೀಸ್ ಅವರು ಡಿಎನ್‌ಎಯಿಂದ ವ್ಯಕ್ತಿಯನ್ನು ಗುರುತಿಸುವ ವಿಧಾನವನ್ನು ಕಂಡುಕೊಂಡದ್ದು 1984ರಲ್ಲಿ. ಮೂಳೆಯೊಳಗೆ ಓದಬಹುದಾದ ಬರಹವೊಂದಿದೆ ಎಂಬುದನ್ನು ಕೊಕುರಾದವರು ಊಹಿಸಲು ಸಾಧ್ಯವಿರಲಿಲ್ಲ. ಆದ್ದರಿಂದ ಇಲ್ಲಿ ದೋಷಾರೋಪಣೆಗೆ ಅವಕಾಶವಿಲ್ಲ. ಆದರೆ ಗೌರವಭಾವದಿಂದ ಮಾಡಿದ ಆ ಸಂಸ್ಕಾರದ ಪರಿಣಾಮ ಮಾತ್ರ ಅರ್ಧ ಶತಮಾನದ ಮೇಲೆ ಪ್ರಕಟವಾಯಿತು.

ಅಮೆರಿಕದ ಸಶಸ್ತ್ರ ಪಡೆಗಳ ಡಿಎನ್‌ಎ ಗುರುತು ಪ್ರಯೋಗಾಲಯವು 1990ರ ದಶಕದಲ್ಲಿ ಹಳೆಯ ಯುದ್ಧಗಳ ಮೂಳೆಗಳಿಂದ ಡಿಎನ್‌ಎ ಪಡೆಯುವುದರಲ್ಲಿ ಪಳಗಿತ್ತು. ವಿಯೆಟ್ನಾಂ ಯುದ್ಧದ ‘ಅಜ್ಞಾತ ಯೋಧ’ನೆಂದು 1984ರಲ್ಲಿ ರಾಷ್ಟ್ರೀಯ ಸ್ಮಾರಕದಲ್ಲಿ ಹೂಳಲಾಗಿದ್ದ ಅವಶೇಷ ಯಾರದೆಂಬುದನ್ನು ಅದು 1998ರಲ್ಲಿ ನಿರ್ಣಯಿಸಿತು. ಈ ಭರವಸೆಯಿಂದ 1999ರಲ್ಲಿ ಪಂಚ್‌ಬೌಲ್‌ನ ಕೊರಿಯಾ ಗೋರಿಗಳನ್ನು ತೆರೆಯಲು ತೊಡಗಿದಾಗ ಪ್ರಯೋಗಾಲಯಕ್ಕೆ ನಿರಾಶೆ ಕಾದಿತ್ತು. ಮೂಳೆಗಳು ಕಣ್ಣಿಗೆ ಗಟ್ಟಿಯಾಗಿಯೇ ಕಾಣುತ್ತಿದ್ದವು. ಅವುಗಳಿಂದ ಉಪಯುಕ್ತ ಡಿಎನ್‌ಎ ಮಾತ್ರ ದೊರೆಯಲಿಲ್ಲ. ಇದಕ್ಕೆ ಪ್ರತಿಯಾಗಿ, 1990ರಿಂದ 1994ರ ನಡುವೆ ಉತ್ತರ ಕೊರಿಯಾ 208 ಪೆಟ್ಟಿಗೆಗಳಲ್ಲಿ ಹಿಂದಿರುಗಿಸಿದ ಮೂಳೆಗಳಿದ್ದವು. ಅವು ಯಾವ ಸಂಸ್ಕಾರವನ್ನೂ ಕಾಣದೆ ದಶಕಗಳ ಕಾಲ ಮಣ್ಣಿನಲ್ಲಿದ್ದವು, ಒಬ್ಬರದು ಇನ್ನೊಬ್ಬರದರೊಡನೆ ಬೆರೆತುಹೋಗಿದ್ದವು. ಅವುಗಳಿಂದ ಡಿಎನ್‌ಎ ಪಡೆಯುವುದು ಸಾಧ್ಯವಾಯಿತು. ಅದೇ ಯುದ್ಧದ, ಹೆಚ್ಚುಕಡಿಮೆ ಅದೇ ವಯಸ್ಸಿನ ಈ ಎರಡು ಬಗೆಯ ಅವಶೇಷಗಳ ನಡುವಿನ ಮುಖ್ಯ ವ್ಯತ್ಯಾಸ ಆ ಪುಡಿಯೇ ಆಗಿತ್ತು.

ಫಾರ್ಮಾಲ್ಡಿಹೈಡ್ ಮಾಡುವ ಕೆಲಸ

ಫಾರ್ಮಾಲ್ಡಿಹೈಡ್ ಒಂದೇ ಒಂದು ಇಂಗಾಲದ ಪರಮಾಣುವುಳ್ಳ ಪುಟ್ಟ ಅಣು. ನೀರಿನಲ್ಲಿ ಇದರ ಸುಮಾರು 37% ದ್ರಾವಣಕ್ಕೆ ಫಾರ್ಮಲಿನ್ ಎಂದು ಹೆಸರು. ವೈದ್ಯಕೀಯ ಕಾಲೇಜುಗಳ ಶರೀರರಚನಾ ವಿಭಾಗದಲ್ಲಿ ಮೂಗಿಗೆ ಬಡಿಯುವ ಘಾಟು ಇದರದೇ. ಪ್ರೋಟೀನುಗಳ ಅಮೈನೋ ಗುಂಪುಗಳಿಗೆ ಅಂಟಿಕೊಂಡು, ಒಂದು ಅಣುವಿಗೂ ಮತ್ತೊಂದು ಅಣುವಿಗೂ ನಡುವೆ ಸಣ್ಣ ಸೇತುವೆಯನ್ನು ಕಟ್ಟುವುದು ಇದರ ಸ್ವಭಾವ. ಇಂತಹ ಅಡ್ಡಬಂಧಗಳು ಲಕ್ಷಾಂತರ ಸಂಖ್ಯೆಯಲ್ಲಿ ಏರ್ಪಟ್ಟಾಗ ಅಂಗಾಂಶವು ಗಟ್ಟಿಯಾಗುತ್ತದೆ. ಕೊಳೆಯಿಸುವ ಕಿಣ್ವಗಳೂ ಬ್ಯಾಕ್ಟೀರಿಯಾಗಳೂ ನಿಷ್ಕ್ರಿಯವಾಗುತ್ತವೆ. ಸಂರಕ್ಷಣೆಯ ರಹಸ್ಯ ಇಷ್ಟೇ.

ತೊಡಕೆಂದರೆ ಡಿಎನ್‌ಎಯ ಪ್ರತ್ಯಾಮ್ಲಗಳಲ್ಲಿಯೂ ಅಮೈನೋ ಗುಂಪುಗಳಿವೆ. ಅಡೆನಿನ್, ಗ್ವಾನಿನ್, ಸೈಟೊಸಿನ್ ಈ ಮೂರಕ್ಕೂ ಫಾರ್ಮಾಲ್ಡಿಹೈಡ್ ಅಂಟಿಕೊಳ್ಳುತ್ತದೆ. ಹೀಗೆ ಡಿಎನ್‌ಎ ಎಳೆಯು ತನ್ನ ಸುತ್ತಲಿನ ಪ್ರೋಟೀನುಗಳೊಡನೆ ಹೊಲಿದಂತಾಗುತ್ತದೆ. ಇದು ಮೊದಲ ಹಾನಿ. ಕಾಲಕ್ರಮದಲ್ಲಿ ಫಾರ್ಮಾಲ್ಡಿಹೈಡ್ ಆಮ್ಲಜನಕದೊಡನೆ ಸೇರಿ ಫಾರ್ಮಿಕ್ ಆಮ್ಲವಾಗುತ್ತದೆ. ಆಮ್ಲೀಯ ಪರಿಸರದಲ್ಲಿ ಡಿಎನ್‌ಎ ಎಳೆಯಿಂದ ಪ್ರತ್ಯಾಮ್ಲಗಳು ಕಳಚಿಬೀಳುತ್ತವೆ, ಕಳಚಿದ ಜಾಗದಲ್ಲಿ ಎಳೆಯೇ ತುಂಡಾಗುತ್ತದೆ. ಇದು ಎರಡನೆಯ ಹಾನಿ. ಇನ್ನು ಮೂರನೆಯದು ಅಕ್ಷರದೋಷ. ಸೈಟೊಸಿನ್ ತನ್ನ ಅಮೈನೋ ಗುಂಪನ್ನು ಕಳೆದುಕೊಂಡು ಯುರಾಸಿಲ್ ಆಗಿಬಿಡುತ್ತದೆ. ಪ್ರಯೋಗಾಲಯದ ಕಿಣ್ವವು ಅದನ್ನು ಥೈಮಿನ್ ಎಂದು ಓದುತ್ತದೆ. ಅಂದರೆ ‘ಸಿ’ ಇರಬೇಕಾದಲ್ಲಿ ‘ಟಿ’ ಬರುತ್ತದೆ.

ಸಾಮಾನ್ಯ ಡಿಎನ್‌ಎ ಪರೀಕ್ಷೆಯ ಆಧಾರವೆಂದರೆ ಪಿಸಿಆರ್. ಇದರಲ್ಲಿ ಗುರುತು ಹಾಕಿದ ಎರಡು ಬಿಂದುಗಳ ನಡುವಿನ ಡಿಎನ್‌ಎ ಭಾಗವನ್ನು ಕಿಣ್ವವೊಂದು ಮತ್ತೆ ಮತ್ತೆ ಪ್ರತಿಮಾಡುತ್ತದೆ. ಎರಡೂ ಬಿಂದುಗಳು ಒಂದೇ ಅಖಂಡ ತುಣುಕಿನ ಮೇಲಿದ್ದರೆ ಮಾತ್ರ ಪ್ರತಿಮಾಡುವುದು ಸಾಧ್ಯ. ನ್ಯಾಯಾಲಯದ ಪ್ರಕರಣಗಳಲ್ಲಿ ಬಳಸುವ ಎಸ್‌ಟಿಆರ್ ಪರೀಕ್ಷೆಗೆ ಸುಮಾರು 100ರಿಂದ 450 ಅಕ್ಷರಗಳಷ್ಟು ಉದ್ದದ ತುಣುಕುಗಳು ಬೇಕು. ಪಂಚ್‌ಬೌಲ್‌ನ ಮೂಳೆಗಳಲ್ಲಿ ಉಳಿದಿದ್ದ ತುಣುಕುಗಳು ಬಹುಪಾಲು 100 ಅಕ್ಷರಗಳನ್ನೂ ಮುಟ್ಟುತ್ತಿರಲಿಲ್ಲ. ಅಡ್ಡಬಂಧ ಎದುರಾದಲ್ಲಿ ಕಿಣ್ವವು ನಿಂತುಬಿಡುತ್ತಿತ್ತು. ಮೇಲಾಗಿ, ಹೊರತೆಗೆದ ಡಿಎನ್‌ಎಯಲ್ಲಿ ಮನುಷ್ಯನದು ಅನೇಕ ವೇಳೆ ನೂರರಲ್ಲಿ ಒಂದು ಪಾಲೂ ಇರುತ್ತಿರಲಿಲ್ಲ. ಮಿಕ್ಕದ್ದು ಮಣ್ಣಿನ ಸೂಕ್ಷ್ಮಜೀವಿಗಳದು.

ಡಿಎನ್‌ಎ ಮೌನವಾಗಿದ್ದ ಆ ವರ್ಷಗಳಲ್ಲಿ ವಿಜ್ಞಾನಿಗಳು ಬೇರೆಯದೇ ದಾಖಲೆಯ ಮೊರೆಹೋದರು. ಸೇನೆಗೆ ಸೇರುವಾಗ ಕ್ಷಯರೋಗದ ತಪಾಸಣೆಗೆಂದು ತೆಗೆದಿದ್ದ ಎದೆಯ ಎಕ್ಸ್‌ರೇ ಚಿತ್ರಗಳು ಉಳಿದುಬಂದಿದ್ದವು. ಅವುಗಳಲ್ಲಿ ಕೊರಳ ಕೆಳಗಿನ ಕಾಲರ್ ಎಲುಬು ಸ್ಪಷ್ಟವಾಗಿ ಮೂಡಿರುತ್ತದೆ, ಅದರ ಬಾಗು ಮತ್ತು ಅಂಚುಗಳು ವ್ಯಕ್ತಿಯಿಂದ ವ್ಯಕ್ತಿಗೆ ಬೇರೆ. ಗೋರಿಯಿಂದ ತೆಗೆದ ಎಲುಬನ್ನು ಈ ಹಳೆಯ ಚಿತ್ರಗಳೊಡನೆ ಹೋಲಿಸಿ ಹಲವರ ಗುರುತು ಹಚ್ಚಲಾಯಿತು. ಆದರೆ ಎಲ್ಲರ ಚಿತ್ರವೂ ಉಳಿದಿರಲಿಲ್ಲ, ಎಲ್ಲ ಪೆಟ್ಟಿಗೆಗಳಲ್ಲಿಯೂ ಕಾಲರ್ ಎಲುಬು ಇರಲಿಲ್ಲ.

ಬಿಡಿಸಿ ತೆಗೆಯುವ ಬಗೆ

ಫಾರ್ಮಾಲ್ಡಿಹೈಡ್ ಕಟ್ಟಿದ ಬಂಧಗಳಲ್ಲಿ ಗಣನೀಯ ಪಾಲು ಬಿಡಿಸಬಹುದಾದವು. ಈ ರಾಸಾಯನಿಕ ಸಂಗತಿಯೇ ಇಡೀ ವಿಧಾನಕ್ಕೆ ತಳಹದಿ. ಮೃದು ಅಂಗಾಂಶವಾದರೆ, ಅದು ಆಸ್ಪತ್ರೆಯ ಮೇಣದಚ್ಚಿನಲ್ಲಿದ್ದರೆ, ಮೊದಲು ಮೇಣವನ್ನು ಕರಗಿಸಿ ತೆಗೆಯಬೇಕು. ಅನಂತರ ಬಂಧಿತವಾಗದೆ ಉಳಿದ ಫಾರ್ಮಲಿನ್ನನ್ನು ತೊಳೆದು ಹೊರಹಾಕಬೇಕು. ಪ್ರೋಟೀನೇಸ್-ಕೆ ಎಂಬ ಕಿಣ್ವವು ಸುಮಾರು 56 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪ್ರೋಟೀನುಗಳನ್ನು ಜೀರ್ಣಿಸುತ್ತದೆ. ತಾಜಾ ಅಂಗಾಂಶಕ್ಕೆ ಕೆಲವು ಗಂಟೆ ಸಾಕಾದರೆ, ಫಾರ್ಮಲಿನ್ನಿನಲ್ಲಿದ್ದುದಕ್ಕೆ ಒಂದೆರಡು ದಿನಗಳೂ ಬೇಕಾಗುತ್ತವೆ, ನಡುನಡುವೆ ಹೊಸ ಕಿಣ್ವವನ್ನೂ ಸೇರಿಸಬೇಕಾಗುತ್ತದೆ. ಬಳಿಕ ದ್ರಾವಣವನ್ನು 90 ಡಿಗ್ರಿಯ ಆಸುಪಾಸಿಗೆ ಕಾಯಿಸಿದಾಗ ಅಡ್ಡಬಂಧಗಳು ಸಡಿಲುತ್ತವೆ. ಇಲ್ಲಿ ಮಿತಿಯರಿತು ನಡೆಯಬೇಕು: ಬಂಧವನ್ನು ಬಿಡಿಸುವ ಶಾಖವೇ ಹೆಚ್ಚಾದರೆ ಮೊದಲೇ ತುಂಡಾಗಿರುವ ಎಳೆಯನ್ನು ಮತ್ತಷ್ಟು ತುಂಡರಿಸುತ್ತದೆ.

ಮೂಳೆಯಾದರೆ ಇನ್ನೊಂದು ತಡೆಯಿದೆ. ಅದರ ಡಿಎನ್‌ಎ ಕ್ಯಾಲ್ಸಿಯಂ ಖನಿಜದ ಹರಳುಗಳ ನಡುವೆ ಅಡಗಿರುತ್ತದೆ. ಹಳೆಯ ವಿಧಾನದಲ್ಲಿ ಮೂಳೆಪುಡಿಯ ಒಂದಂಶವಷ್ಟೇ ಕರಗಿ, ಉಳಿದದ್ದು ತಳದಲ್ಲಿ ನಿಂತು ವ್ಯರ್ಥವಾಗುತ್ತಿತ್ತು. ಇಡೀ ಪುಡಿಯನ್ನೇ ಇಡಿಟಿಎ ದ್ರಾವಣದಲ್ಲಿ ಪೂರ್ತಿ ಕರಗಿಸುವ ಕ್ರಮವನ್ನು ಸಶಸ್ತ್ರ ಪಡೆಗಳ ಪ್ರಯೋಗಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದರು. ಇದರಿಂದ ಒಂದು ಗ್ರಾಮಿಗಿಂತಲೂ ಕಡಿಮೆ ಮೂಳೆಯಿಂದ ಹೆಚ್ಚು ಡಿಎನ್‌ಎ ಪಡೆಯುವುದು ಸಾಧ್ಯವಾಯಿತು. ಪ್ರತಿ ಗ್ರಾಮೂ ಮುಖ್ಯ, ಏಕೆಂದರೆ ಪರೀಕ್ಷೆಗೆ ಪುಡಿಮಾಡಿದ ಮೂಳೆ ಕುಟುಂಬಕ್ಕೆ ಮರಳುವುದಿಲ್ಲ.

ಇಷ್ಟಾದರೂ ಕೈಗೆ ಬಂದದ್ದು ಚೂರುಗಳೇ. ಚೂರುಗಳನ್ನು ಉದ್ದಗೊಳಿಸಲು ಬರುವುದಿಲ್ಲ. ಚೂರುಗಳನ್ನೇ ಓದಬಲ್ಲ ವಿಧಾನ ಬೇಕಾಗಿತ್ತು. ಅಂತಹ ವಿಧಾನ ನಿಯಾಂಡರ್ತಾಲ್ ಮಾನವನಂತಹ ಪ್ರಾಚೀನ ಜೀವಿಗಳ ಡಿಎನ್‌ಎ ಅಧ್ಯಯನದಲ್ಲಿ ಆಗಲೇ ರೂಪುಗೊಂಡಿತ್ತು. ಅದನ್ನು ವಿಧಿವಿಜ್ಞಾನದ ಕಟ್ಟುನಿಟ್ಟುಗಳಿಗೆ ಹೊಂದಿಸಿ, 2016ರಲ್ಲಿ ಈ ಪ್ರಯೋಗಾಲಯವು ಪಂಚ್‌ಬೌಲ್‌ನ ಮೂಳೆಗಳಿಗೆ ಅನ್ವಯಿಸತೊಡಗಿತು. ಇದರಲ್ಲಿ ಪ್ರತಿ ಚೂರಿನ ಎರಡು ತುದಿಗಳಿಗೂ ಕೃತಕ ಡಿಎನ್‌ಎಯ ಗುರುತುಪಟ್ಟಿಯನ್ನು ಜೋಡಿಸಲಾಗುತ್ತದೆ. ಈಗ ಚೂರು ಎಷ್ಟೇ ಗಿಡ್ಡವಾಗಿರಲಿ, ಅದರ ತುದಿಗಳು ಪರಿಚಿತವಾಗಿರುವುದರಿಂದ ಪ್ರತಿಮಾಡಲು ಬರುತ್ತದೆ. ಬಳಿಕ ಮನುಷ್ಯನ ಮೈಟೊಕಾಂಡ್ರಿಯದ ಡಿಎನ್‌ಎಗೆ ಹೊಂದುವ ಕೃತಕ ಎಳೆಗಳನ್ನು ಎರೆಯಂತೆ ಒಡ್ಡಲಾಗುತ್ತದೆ. ಸರಿಹೊಂದುವ ಚೂರುಗಳು ಅವಕ್ಕೆ ಅಂಟಿಕೊಳ್ಳುತ್ತವೆ. ಕಾಂತೀಯ ಮಣಿಗಳ ಸಹಾಯದಿಂದ ಅವುಗಳನ್ನು ಸೆಳೆದುಕೊಂಡು, ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ತೊಳೆದುಹಾಕಲಾಗುತ್ತದೆ. ಉಳಿದ ಲಕ್ಷಾಂತರ ಚೂರುಗಳನ್ನು ಯಂತ್ರವು ಏಕಕಾಲಕ್ಕೆ ಓದುತ್ತದೆ.

ಮೈಟೊಕಾಂಡ್ರಿಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಪ್ರತಿ ವಂಶವಾಹಿಯ ಎರಡೇ ಪ್ರತಿಗಳಿದ್ದರೆ, ಮೈಟೊಕಾಂಡ್ರಿಯದ ಡಿಎನ್‌ಎ ನೂರಾರು, ಸಾವಿರಾರು ಪ್ರತಿಗಳಲ್ಲಿರುತ್ತದೆ. ಒಂದೇ ಕೃತಿಯ ಅನೇಕ ಓಲೆಪ್ರತಿಗಳಿದ್ದರೆ ಯಾವುದಾದರೂ ಒಂದು ಗೆದ್ದಲಿನಿಂದ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚುವಂತೆ, ಇಲ್ಲಿಯೂ.

ಪಾಠನಿರ್ಣಯ

ಯಂತ್ರ ಓದಿದ ಚೂರುಗಳನ್ನು 16,569 ಅಕ್ಷರಗಳ ಪ್ರಮಾಣ ಪಾಠದೆದುರು ಅವುಗಳ ಸ್ಥಾನಕ್ಕೆ ಜೋಡಿಸಲಾಗುತ್ತದೆ. ಒಂದರ ಬಾಲ ಇನ್ನೊಂದರ ತಲೆಯ ಮೇಲೆ ಬರುವಂತೆ ಚೂರುಗಳು ಒಂದನ್ನೊಂದು ಅತಿಕ್ರಮಿಸುತ್ತವೆ. ಒಂದು ಸ್ಥಾನವನ್ನು ಹತ್ತಾರು ಚೂರುಗಳು ಸ್ವತಂತ್ರವಾಗಿ ಓದಿದ್ದರೆ ಮಾತ್ರ ಅಲ್ಲಿಯ ಅಕ್ಷರವನ್ನು ನಂಬಬಹುದು. ತ್ರುಟಿತ ಓಲೆಪ್ರತಿಗಳನ್ನು ಹೋಲಿಸಿ ಪಾಠವನ್ನು ನಿರ್ಣಯಿಸುವ ಸಂಪಾದಕನ ವಿವೇಕ ಇಲ್ಲಿಯೂ ಬೇಕು. ಲಿಪಿಕಾರನ ಸ್ಖಾಲಿತ್ಯಗಳಿಗೆ ಒಂದು ಕ್ರಮವಿರುತ್ತದೆ. ಆ ಕ್ರಮವನ್ನು ಅರಿತ ಸಂಪಾದಕ ಪಾಠಾಂತರ ಯಾವುದು, ಕೈತಪ್ಪು ಯಾವುದು ಎಂದು ಬೇರ್ಪಡಿಸಬಲ್ಲ. ಹಾಗೆಯೇ ‘ಸಿ’ ಜಾಗದ ‘ಟಿ’ ಎಂಬ ದೋಷವೂ ಕ್ರಮಬದ್ಧವಾದುದು. ಯುರಾಸಿಲ್ ಇರುವೆಡೆಗಳನ್ನು ಕಿಣ್ವವೊಂದರಿಂದ ಮೊದಲೇ ಕತ್ತರಿಸಿ ತೆಗೆಯಬಹುದು, ಇಲ್ಲವೇ ಗಣಕದ ಲೆಕ್ಕಾಚಾರದಲ್ಲಿ ಅಂತಹ ‘ಟಿ’ಗಳಿಗೆ ಕಡಿಮೆ ಬೆಲೆ ಕೊಡಬಹುದು.

ಹೋಲಿಕೆಗೆ ಒಂದು ಮಿತಿಯೂ ಇದೆ. ಸಂಪಾದಕನ ಬೆವರು ಓಲೆಯ ಪಾಠವನ್ನು ಬದಲಿಸದು. ಪ್ರಯೋಗಾಲಯದ ಸಿಬ್ಬಂದಿಯ ಒಂದು ಚರ್ಮಕಣ ಮೂಳೆಯ ಪಾಠವನ್ನೇ ಮುಚ್ಚಿಹಾಕಬಹುದು. ಆದ್ದರಿಂದ ಮೂಳೆಯ ಮೇಲ್ಪದರವನ್ನು ಉಜ್ಜಿ ತೆಗೆಯುವುದು, ಪ್ರತ್ಯೇಕ ಶುದ್ಧ ಕೊಠಡಿ, ಏನೂ ಬೆರೆಸದ ಖಾಲಿ ಮಾದರಿಯನ್ನು ಜೊತೆಯಲ್ಲೇ ಪರೀಕ್ಷಿಸುವುದು, ಸಿಬ್ಬಂದಿಯೆಲ್ಲರ ಡಿಎನ್‌ಎ ವಿವರಗಳೊಡನೆ ತಾಳೆನೋಡುವುದು ಇವೆಲ್ಲ ಕಡ್ಡಾಯವಾದವು.

ಪಾಠ ಸಿದ್ಧವಾದ ಮೇಲೆಯೂ ಅದು ಹೆಸರಾಗುವುದಿಲ್ಲ. ಅದನ್ನು ಬಂಧುಗಳ ಮಾದರಿಯೊಡನೆ ಹೋಲಿಸಬೇಕು. ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ‘ಬಳಿ’ ಸಾಗುವ ದಾರಿಯೂ ಇದೇ: ಗಂಡುಮಕ್ಕಳು ಅದನ್ನು ಪಡೆಯುತ್ತಾರೆ, ತಮ್ಮ ಮಕ್ಕಳಿಗೆ ದಾಟಿಸುವುದಿಲ್ಲ. ಹೀಗಾಗಿ ಮಡಿದ ಸೈನಿಕನ ಸ್ವಂತ ಮಗನ ಮಾದರಿ ಇಲ್ಲಿ ನಿರುಪಯುಕ್ತ. ಅವನ ಅಕ್ಕನ ಮಗಳು, ಚಿಕ್ಕಮ್ಮನ ಮಗ, ತಾಯಿಯ ತಾಯಿಯ ಕಡೆಯ ದೂರದ ಬಂಧು ಇವರ ಮಾದರಿಗಳು ಉಪಯುಕ್ತ. ಇದೇ ಕಾರಣದಿಂದ ಈ ಸಾಕ್ಷ್ಯ ಏಕಾಂಗಿಯಾಗಿ ನಿಲ್ಲಲಾರದು, ಏಕೆಂದರೆ ಒಂದೇ ತಾಯಿಬಳ್ಳಿಯ ಎಲ್ಲರದೂ ಒಂದೇ ಪಾಠ. ಮೈಟೊಕಾಂಡ್ರಿಯದ ನಿಯಂತ್ರಣ ಭಾಗವನ್ನಷ್ಟೇ ಓದಿದರೆ, ಯೂರೋಪ್ ಮೂಲದ ಅಮೆರಿಕನ್ನರಲ್ಲಿ ಅತಿ ಸಾಮಾನ್ಯವಾದ ಒಂದು ಪಾಠ ಸುಮಾರು 7% ಮಂದಿಯಲ್ಲಿ ಕಾಣುತ್ತದೆ. ಇಡೀ 16,569 ಅಕ್ಷರಗಳನ್ನು ಓದಿದಾಗ ಈ ಗೊಂದಲ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಆದರೂ ದಂತದಾಖಲೆ, ಎತ್ತರ, ವಯಸ್ಸು, ದೇಹ ದೊರೆತ ಸ್ಥಳ, ಎಕ್ಸ್‌ರೇ ಎಲ್ಲವೂ ಒಂದೇ ದಿಕ್ಕನ್ನು ತೋರಿದಾಗ ಮಾತ್ರ ಹೆಸರನ್ನು ಘೋಷಿಸಲಾಗುತ್ತದೆ.

ಹೀಗೆ ಹೆಸರು ಮರಳಿ ಪಡೆದವರಲ್ಲಿ ಸೇನಾ ಪಾದ್ರಿ ಎಮಿಲ್ ಕಪಾನ್ ಒಬ್ಬರು. 1950ರ ನವೆಂಬರಿನಲ್ಲಿ ಸೆರೆಸಿಕ್ಕು, ಸಹಕೈದಿಗಳ ಆರೈಕೆ ಮಾಡುತ್ತ 1951ರ ಮೇ ತಿಂಗಳಲ್ಲಿ ಶಿಬಿರದಲ್ಲಿಯೇ ತೀರಿಕೊಂಡ ಅವರಿಗೆ 2013ರಲ್ಲಿ ಅಮೆರಿಕದ ಅತ್ಯುನ್ನತ ಶೌರ್ಯಪದಕ ಸಂದಿತು. ಆಗಲೂ ಅವರ ದೇಹ ಎಲ್ಲಿದೆಯೆಂಬುದು ತಿಳಿದಿರಲಿಲ್ಲ. ಅದು ಪಂಚ್‌ಬೌಲ್‌ನ ಅಜ್ಞಾತರ ನಡುವೆಯೇ ಇತ್ತು. ದಂತ, ಮೂಳೆ ಮತ್ತು ಡಿಎನ್‌ಎ ಸಾಕ್ಷ್ಯಗಳು ಒಟ್ಟುಗೂಡಿ 2021ರ ಮಾರ್ಚಿನಲ್ಲಿ ಅವರ ಗುರುತು ಸ್ಥಿರಪಟ್ಟಿತು. ಅದೇ ವರ್ಷ ಕಾನ್ಸಸ್ ಪ್ರಾಂತದ ವಿಚಿಟಾ ನಗರದ ಕೆಥೆಡ್ರಲ್‌ನಲ್ಲಿ ಅವರನ್ನು ಸಮಾಧಿ ಮಾಡಲಾಯಿತು.

ಇಂದಿನ ಆಚರಣೆಗೆ

ಕೊರಿಯಾ ಯುದ್ಧದಲ್ಲಿ ಕಾಣೆಯಾದ 7,000ಕ್ಕೂ ಹೆಚ್ಚು ಅಮೆರಿಕನ್ನರ ಲೆಕ್ಕ ಇನ್ನೂ ಸಿಕ್ಕಿಲ್ಲ. ಪಂಚ್‌ಬೌಲ್‌ನ ಗೋರಿಗಳನ್ನು ಹಂತಹಂತವಾಗಿ ತೆರೆಯಲಾಗುತ್ತಿದೆ. ನ್ಯೂಕ್ಲಿಯಸ್ಸಿನ ಡಿಎನ್‌ಎಯಲ್ಲಿಯೂ ಸಾವಿರಾರು ಒಂಟಿ ಅಕ್ಷರ ವ್ಯತ್ಯಾಸಗಳನ್ನು ಇದೇ ರೀತಿ ಸೆರೆಹಿಡಿಯುವ ಕ್ರಮ ರೂಪುಗೊಂಡಿರುವುದರಿಂದ, ತಾಯಿಬಳ್ಳಿಯ ಬಂಧುಗಳು ಉಳಿದಿಲ್ಲದ ಕುಟುಂಬಗಳಿಗೂ ಆಸೆ ಮೂಡಿದೆ. ಎಲ್ಲ ಮೂಳೆಗಳೂ ಫಲ ಕೊಡುವುದಿಲ್ಲ. ಎಷ್ಟು ಕಾಲ, ಎಷ್ಟು ಪ್ರಮಾಣದ ರಾಸಾಯನಿಕ ತಗುಲಿತ್ತು ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಈ ಅನುಭವದ ಸಾರ ಇಂದು ವಿಧಿವಿಜ್ಞಾನದ ಪಾಠವಾಗಿದೆ. ಗುರುತು ಹಚ್ಚಬೇಕಾದ ಅಂಗಾಂಶವನ್ನು ಫಾರ್ಮಲಿನ್ನಿನಲ್ಲಿ ಇಡಬಾರದು. ಶೈತ್ಯದಲ್ಲಿ, ಒಣಗಿಸಿ, ಇಲ್ಲವೇ ಶುದ್ಧ ಆಲ್ಕೊಹಾಲಿನಲ್ಲಿ ಇಡಬೇಕು. ರೋಗಪರೀಕ್ಷೆಗೆ ಫಾರ್ಮಲಿನ್ ಅನಿವಾರ್ಯವಾದಲ್ಲಿ ಡಿಎನ್‌ಎಗೆಂದು ಬೇರೆಯೇ ತುಣುಕನ್ನು ತೆಗೆದಿರಿಸಬೇಕು. ಗಲ್ಫ್ ದೇಶಗಳಿಂದ ವಿಮಾನದಲ್ಲಿ ಊರಿಗೆ ಬರುವ ಮೃತದೇಹಗಳಿಗೆ ಎಂಬಾಮಿಂಗ್ ಮಾಡಿರುತ್ತಾರೆಂಬುದು ಕಾಸರಗೋಡಿನಿಂದ ಉಡುಪಿಯವರೆಗಿನ ಅನೇಕ ಮನೆಗಳಿಗೆ ಗೊತ್ತಿರುವ ಸಂಗತಿ. ಅಲ್ಲಿ ಬಳಸುವುದೂ ಮುಖ್ಯವಾಗಿ ಫಾರ್ಮಾಲ್ಡಿಹೈಡನ್ನೇ. ಗುರುತಿನ ಬಗೆಗೆ ಕಿಂಚಿತ್ ಸಂದೇಹವಿದ್ದರೂ ಎಂಬಾಮಿಂಗ್‌ಗೆ ಮುನ್ನವೇ ಒಂದು ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸಿ ಇಟ್ಟುಕೊಂಡರೆ, ಮುಂದೆ ಎಷ್ಟೋ ವರ್ಷಗಳ ಶ್ರಮ ತಪ್ಪುತ್ತದೆ. ಯಾವ ರಾಸಾಯನಿಕವನ್ನು, ಯಾವ ದಿನ, ಎಷ್ಟು ಬಳಸಲಾಯಿತೆಂದು ಬರೆದಿಡುವುದೂ ಅಷ್ಟೇ ಅಗತ್ಯ. ಅಂತಹ ಒಂದು ಟಿಪ್ಪಣಿ ಕೈಯಲ್ಲಿದ್ದರೆ, ಮುಂದೊಂದು ದಿನ ಆ ಅಂಗಾಂಶವನ್ನು ಓದಲು ಕುಳಿತವನಿಗೆ ಎಲ್ಲಿಂದ ಆರಂಭಿಸಬೇಕೆಂಬುದಾದರೂ ತಿಳಿದಿರುತ್ತದೆ.